ಟೀವಿಯ ಗೆರೆ ಮತ್ತು ಕಬ್ಬಿಣದ ಹೊಸ್ತಿಲು

ಟೀವಿಯಲ್ಲಿ ಚಿತ್ರ ಸ್ವಚ್ಛವಾಗಿ ಬಂದರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಬೇರೆಯವರು ಚಿತ್ರ ಹಾಳಾದರೆ ಟೀವಿಗೆ ಗುದ್ದುತ್ತಾರೆ, ಡಿಶ್ ತಿರುಗಿಸುತ್ತಾರೆ, ಕಂಪನಿಯವರನ್ನು ಬೈಯುತ್ತಾರೆ. ನಾನು ಚಿತ್ರ ಚೆಂದ ಬಂತೆಂದರೆ ಎದ್ದು ಬಾಗಿಲಿಗೆ ಹೋಗಿ ಕೆಳಗೆ ನೆಲ ನೋಡುತ್ತೇನೆ. ಯಾಕೆ ಅಂತ ಕೇಳಿದವರಿಗೆ ಏನೋ ಒಂದು ಸುಳ್ಳು ಹೇಳಿ ಸಾಗಹಾಕಿದ್ದೇನೆ. ಇವತ್ತು ಇದ್ದದ್ದು ಇದ್ದಹಾಗೆ ಹೇಳಿಬಿಡುತ್ತೇನೆ.

ನಮ್ಮದು ಗಾಡಿಯ ಮೇಲಿನ ಸಂಸಾರ. ನಮ್ಮ ಮನೆಯವರು ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಹಳೆಯ ಶಾಲೆಯ ವ್ಯಾನೊಂದನ್ನು ಕೊಂಡು, ಸೀಟೆಲ್ಲ ಕಿತ್ತುಹಾಕಿ, ಮುಂದೆ ಅಂಗಡಿ ಹಿಂದೆ ಮನೆ ಮಾಡಿದ್ದಾರೆ. ಒಂದು ಮಂಚ, ಒಂದು ಗ್ಯಾಸಿನ ಒಲೆ, ಗೋಡೆಗೆ ಮಡಚುವ ಹಲಗೆ. ವಾರಕ್ಕೆ ನಾಲ್ಕು ಊರು. ಹಾನಗಲ್ಲಿನಲ್ಲಿ ಹಿಟ್ಟಿನ ಗಿರಣಿಯ ಪಕ್ಕ, ಶಿಗ್ಗಾವಿಯಲ್ಲಿ ಪಂಕ್ಚರ್ ಅಂಗಡಿಯ ಹಿಂದೆ, ಸವಣೂರಿನಲ್ಲಿ ಗಾದಿ ಹೊಲಿಯುವ ಚಾಚಾನ ಮನೆಯ ಮುಂದೆ, ಹಿರೇಕೆರೂರಿನಲ್ಲಿ ಚಾದಂಗಡಿಯ ಆಚೆಯ ಬಯಲಿನಲ್ಲಿ ನಿಲ್ಲುತ್ತೇವೆ. ಎಲ್ಲಿ ನಿಂತರೆ ಅಲ್ಲಿಯ ಅಂಗಡಿಯಿಂದ ವೈರು ಎಳೆದು ಕರೆಂಟು ತಗೊಳ್ಳುವುದು. ಸಣ್ಣಪುಟ್ಟ ಕೆಲಸ ನಾನೂ ಮಾಡುತ್ತೇನೆ. ಮಿಕ್ಸರಿನ ಕಾರ್ಬನ್ ಬದಲಿಸುವುದು, ವೈರು ಬೆಸೆಯುವುದು ನನಗೆ ಬರುತ್ತದೆ. ಬರುತ್ತದೆ ಅನ್ನುವ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಹಿಂದೆ ನಮ್ಮ ಅತ್ತೆಯೂ ಗಾಡಿ ಹತ್ತಿದರು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಎರಡು ಸಲ ಸೂಜಿ ಬೇಕು. ಸೂಜಿ ಚುಚ್ಚುವುದು ನನ್ನ ಪಾಲಿನ ಕೆಲಸ. ಅತ್ತೆ ಬಂದ ದಿನವೇ ಗಾಡಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದಕ್ಕ ಹೊಸ್ತಿಲ ಎಲ್ಲೈತಿ?" ಅಂದರು.

"ಗಾಡಿಗೆ ಎಲ್ಲಿ ಹೊಸ್ತಿಲ ಇರ್ತೈತ್ರಿ ಅತ್ತಿ," ಅಂದೆ ನಾನು.

"ಮನಿ ಅಂದಮ್ಯಾಲೆ ಹೊಸ್ತಿಲ ಬೇಕ. ಹೊಸ್ತಿಲ ಇಲ್ಲದ ಮನ್ಯಾಗ ನಾ ಉಣ್ಣಾಕಿ ಅಲ್ಲ."

ಕೊನೆಗೆ ಬಾಗಿಲಿನ ಕೆಳಗಿದ್ದ ಕಬ್ಬಿಣದ ಮೆಟ್ಟಿಲನ್ನೇ ಹೊಸ್ತಿಲು ಮಾಡಿಕೊಂಡರು. ಯಾವ ಊರಿರಲಿ, ಬೆಳಿಗ್ಗೆ ಎದ್ದು ಬರಿಗಾಲಿನಲ್ಲಿ ಕೆಳಗಿಳಿದು, ಕೈಕಾಲು ತೊಳೆದು, ಆ ಮೆಟ್ಟಿಲನ್ನು ಒದ್ದೆ ಅರಿವೆಯಿಂದ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದು, ಆಮೇಲೆ ಬಾಗಿಲ ಬದಿಯ ಕಬ್ಬಿಣದ ಹಿಡಿಕೆ ಹಿಡಿದುಕೊಂಡು "ಹುಸ್ಸಪ್ಪಾ" ಅಂತ ಏಳುವರು. ನೋಡಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈ ಒದ್ದೆ ಕೈ, ಬರಿಗಾಲು, ಕಬ್ಬಿಣ ಮೂರನ್ನೂ ನೀವು ನೆನಪಿನಲ್ಲಿಡಬೇಕು.

ಅತ್ತೆಗೆ ಸಂಜೆ ಆರರಿಂದ ಎಂಟರವರೆಗೆ ಧಾರಾವಾಹಿ ಬೇಕು. ಗಿರಾಕಿಯೊಬ್ಬರು ಬಿಟ್ಟುಹೋದ ಹಳೇ ಡಬ್ಬಾ ಟೀವಿಯನ್ನು ನಮ್ಮ ಮನೆಯವರು ರಿಪೇರಿ ಮಾಡಿ, ಗಾಡಿಯ ನೆತ್ತಿಗೆ ಡಿಶ್ ಕೂಡಿಸಿ ಕೊಟ್ಟರು. ಅಲ್ಲಿಂದ ಶುರುವಾಯಿತು ನೋಡಿ ತಂಟೆ. ಮುಂದೆ ಅಂಗಡಿಯಲ್ಲಿ ಮಿಕ್ಸರ್ ಹಾಕಿದರೆ ಹಿಂದೆ ಟೀವಿಯ ತುಂಬ ಚುಕ್ಕೆ. ಟ್ಯೂಬ್‌ಲೈಟ್ ಹಾಕಿದರೆ ಗುಂಯ್ ಅನ್ನುವ ಸದ್ದು. ಮೊಬೈಲು ಚಾರ್ಜಿಗೆ ಇಟ್ಟರೆ ಚಿತ್ರ ನಡುಗುತ್ತಿತ್ತು. ಹಾನಗಲ್ಲಿನಲ್ಲಂತೂ ಗಿರಣಿ ಶುರುವಾದರೆ ಧಾರಾವಾಹಿಯ ಹೆಣ್ಣುಮಕ್ಕಳೆಲ್ಲ ಹಿಟ್ಟಿನಲ್ಲಿ ಮುಳುಗಿದಹಾಗೆ ಕಾಣುತ್ತಿದ್ದರು.

"ಊರ ಮಂದಿ ಸಾಮಾನ ರಿಪೇರಿ ಮಾಡ್ತಾನ, ಹಡದವ್ವನ ಟೀವಿ ಮಾಡಾಕ ಇವಗ ಪುರಸೊತ್ತಿಲ್ಲ," ಅಂತ ಅತ್ತೆ ಬೀದಿಗೆ ಕೇಳುವಂತೆ ಅನ್ನುವರು.

ನಮ್ಮ ಮನೆಯವರು ಒಂದೊಂದಾಗಿ ಹಿಡಿದು ಸರಿ ಮಾಡಿದರು. ಪರೀಕ್ಷೆಗೆ ಇಟ್ಟುಕೊಂಡಿದ್ದ ಮಿಕ್ಸರಿಗೆ ಕಂಡೆನ್ಸರ್ ಹಾಕಿದರು. ಟ್ಯೂಬ್‌ಲೈಟು ಬದಲಿಸಿದರು. ಟೀವಿಯ ವೈರನ್ನು ಬೇರೆ ವೈರುಗಳಿಂದ ಬಿಡಿಸಿ ಇನ್ನೊಂದು ಬದಿಯಿಂದ ತಂದರು. ಹಾಳಾದ ಕಂಪ್ಯೂಟರ್ ವೈರಿನಲ್ಲಿ ಇರುವ ಕರೀ ಉಂಗುರ ಬಿಚ್ಚಿ, ಅದರೊಳಗೆ ಚಾರ್ಜರಿನ ವೈರು ಮೂರು ಸುತ್ತು ಸುತ್ತಿದವಳು ನಾನೇ. ಗಿರಣಿಯದಕ್ಕೆ ಏನೂ ಮಾಡಲಾಗಲಿಲ್ಲ, ಉಳಿದದ್ದೆಲ್ಲ ಹೋಯಿತು. ಒಂದು ಮಾತ್ರ ಉಳಿಯಿತು, ಫ್ರಿಜ್ಜಿನದು.

ಫ್ರಿಜ್ಜು ಅತ್ತೆಯ ಇನ್ಸುಲಿನ್‌ಗಾಗಿ ತಂದ ಸಣ್ಣ ಹಳೇ ಡಬ್ಬಿ. ಅದು ಗುರ್ರ್ ಅಂತ ಶುರುವಾದರೆ ಸಾಕು, ಟೀವಿಯಲ್ಲಿ ಎರಡು ದಪ್ಪ ಗೆರೆ ಕೆಳಗಿಂದ ಮೇಲೆ ತೆವಳುತ್ತ ಹೋಗುತ್ತಿದ್ದವು. ಇನ್ಸುಲಿನ್ ಒಳಗಿರುವಾಗ ಅದನ್ನು ಬಂದ್ ಮಾಡುವಹಾಗಿಲ್ಲ. ನಮ್ಮ ಮನೆಯವರು ನೋಡಿ, "ಇದು ಒಂದೀಟು ಕರೆಂಟ್ ಗಾಡಿ ತಗಡಿಗೆ ಬಿಡಾಕತ್ತೈತಿ. ಅದು ಗೂಟದಿಂದ ಭೂಮಿಗೆ ಹೊಂಟೈತಿ, ಆ ಹರಿಯೂದ ಟೀವ್ಯಾಗ ಕಾಣಾಕತ್ತೈತಿ. ಬ್ಯಾರೆ ಫ್ರಿಜ್ ಸಿಗೂಮಟ ಗೆರಿ ಇರ್ಲಿ ಬಿಡು. ಗೂಟ ಗಟ್ಟಿ ಐತಿ, ಕಾಳಜಿ ಇಲ್ಲ," ಅಂದರು.

ಗೂಟದ ಮಾತು ಹೇಳಬೇಕು. ಯಾವ ಊರಿಗೆ ಹೋದರೂ ಗಾಡಿ ನಿಲ್ಲಿಸಿದ ಕೂಡಲೇ ಅವರ ಮೊದಲ ಕೆಲಸ ನೆಲಕ್ಕೆ ಕಬ್ಬಿಣದ ಗೂಟ ಹೊಡೆಯುವುದು. ಉಪ್ಪುನೀರು ಸುರಿದು, ಗಾಡಿಯ ಬಾಡಿಯಿಂದ ಬಂದ ಹಸಿರು ವೈರನ್ನು ಅದಕ್ಕೆ ಕಟ್ಟುವರು. ಆಮೇಲೆಯೇ ಅಂಗಡಿಯಿಂದ ಕರೆಂಟು. "ರಬ್ಬರ್ ಗಾಲಿ ಮ್ಯಾಲೆ ನಿಂತ ಮನಿ ಇದು. ಈ ವೈರ್ ಇಲ್ಲಂದ್ರ ಸೋರಿದ ಕರೆಂಟ್ ಬಾಡ್ಯಾಗ ನಿಂತಿರ್ತೈತಿ. ನೆಲದ ಮ್ಯಾಲೆ ನಿಂತು ಯಾರು ಮುಟ್ತಾರ, ಅವ್ರ ಮೈಯಿಂದ ಭೂಮಿಗೆ ಇಳಿತೈತಿ," ಅಂತ ನನಗೆ ನೂರು ಸಲ ಹೇಳಿದ್ದರು. ನೂರು ಸಲ ತಲೆಯಾಡಿಸಿದ್ದೆ.

ಸವಣೂರಿನಲ್ಲಿ ಒಂದು ಸಂಜೆ. ನಮ್ಮ ಮನೆಯವರು ಸಾಮಾನು ತರಲು ಹಾವೇರಿಗೆ ಹೋಗಿದ್ದರು. ಒಳಗೆ ಅತ್ತೆಯದು ಒಂದೇ ಸಮನೆ. "ಗೆರಿ ನೋಡಿ ನೋಡಿ ನನ್ನ ಕಣ್ಣು ಹೋದ್ವು. ಕೆಲಸ ಬರ್ತೈತಿ ಅಂತ ಊರ ಮುಂದ ಹೇಳ್ಕೋತಿ, ಒಂದ ಗೆರಿ ತಗಿಯಾಕ ಬರಂಗಿಲ್ಲ ನಿನಗ." ಸಿಟ್ಟು ನೆತ್ತಿಗೇರಿತು. ಪಾತ್ರೆ ತೊಳೆದ ನೀರು ಚೆಲ್ಲಲು ಧಡಧಡ ಇಳಿದೆ. ಕಾಲಿಗೆ ಹಸಿರು ವೈರು ತೊಡರಿತು, ಗೂಟದಿಂದ ಬಿಚ್ಚಿಕೊಂಡಿತು. ಒಳಗಿಂದ ಅತ್ತೆ ಚೀರಿದರು: "ಬಂತು! ಸಾಫ್ ಬಂತು! ಏನ ಮಾಡಿದಿ? ಅಲ್ಲೇ ಬಿಡು, ಮುಟ್ಟಬ್ಯಾಡ!"

ನಾನು ವೈರು ಕಟ್ಟಿ ನೋಡಿದೆ. "ಅಯ್ಯ, ಮತ್ತ ಬಂತು" ಅಂದರು. ಬಿಚ್ಚಿದೆ. "ಹಾಂ!" ಅಂದರು.

ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿ ಪಾರಾಗುವ ಹಾದಿ ನನಗಿಲ್ಲ. ಆದರೆ ಒಳಗೆ ಹೋದಾಗ ಅತ್ತೆ ಟೀವಿಯಿಂದ ಕಣ್ಣು ಕೀಳದೆ, "ನನ್ನ ಮಗಗ ಆಗದ್ದು ನನ್ನ ಸೊಸಿ ಮಾಡಿದ್ಲು ನೋಡು. ಕೈಗುಣ ಚಲೋ ಐತಿ ನಿಂದು," ಅಂದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಒಳ್ಳೆ ಮಾತು ಅದು. ಎರಡೇ ತಾಸು ತಾನೇ ಅಂದುಕೊಂಡೆ. ಆರಕ್ಕೆ ಬಿಚ್ಚಿ ಎಂಟಕ್ಕೆ ಕಟ್ಟಿದರಾಯಿತು. ಆ ಹೊತ್ತಿನಲ್ಲಿ ಅತ್ತೆ ಕೂತಲ್ಲಿಂದ ಅಲುಗುವುದಿಲ್ಲ. ಗಾಡಿಯ ಒಳಗೇ ಇದ್ದವರಿಗೆ ಏನೂ ಆಗುವುದಿಲ್ಲ.

ಹೀಗೆ ಇಪ್ಪತ್ತು ದಿನ ನಡೆಯಿತು. ಗಂಡನಿಗೆ ಹೇಳಲಿಲ್ಲ. ಗೆರೆ ಹೋದದ್ದು ನೋಡಿ ಅವರು, "ಫ್ರಿಜ್ಜಿನ ವೈರಿಗೂ ಕರೀ ಉಂಗುರ ಹಾಕಿದೇನ? ಕೆಲಸ ಮಾಡ್ತು ಹಂಗಾರ," ಅಂದರು. ನಾನು ಹೂಂ ಅಂದೆ. ಹೂಂ ಅಂದ ಆ ಗಳಿಗೆಯಿಂದಲೇ ಹೆದರಿಕೆ ಶುರುವಾಯಿತು. ಆರರಿಂದ ಎಂಟರವರೆಗೆ ನಾನು ಬಾಗಿಲಲ್ಲೇ ಕೂರುತ್ತಿದ್ದೆ. ಗಿರಾಕಿಗಳು ಬಂದು ಗಾಡಿಯ ತಗಡಿಗೆ ಕೈ ಹಚ್ಚಿದರೆ, "ಬಣ್ಣ ಹಸಿ ಐತ್ರಿ, ದೂರ ನಿಂದರ್ರಿ" ಅನ್ನುತ್ತಿದ್ದೆ. ಶಿಗ್ಗಾವಿಯಲ್ಲಿ ಒಂದು ನಾಯಿ ಮಳೆಯಲ್ಲಿ ನೆನೆದು ಬಂದು ಗಾಡಿಯ ಬಂಪರಿಗೆ ಮೂಗು ತಾಗಿಸಿತು. ಕುಂಯ್ ಅಂತ ಕಿರುಚಿ ಓಡಿತು, ತಿರುಗಿ ನೋಡಲಿಲ್ಲ. ಅವತ್ತು ಬಿಡಬೇಕಿತ್ತು. ಬಿಡಲಿಲ್ಲ.

ಹಾನಗಲ್ಲಿನಲ್ಲಿ ಅತ್ತೆ ಜಾಹೀರಾತಿನ ಹೊತ್ತಿಗೆ ಎಲೆ ಅಡಿಕೆ ಉಗುಳಲು ಇಳಿದೇಬಿಟ್ಟರು. ನಾನು ಒಲೆಯ ಮುಂದೆ ಇದ್ದೆ, ನೋಡಲಿಲ್ಲ. ಕಾಲಲ್ಲಿ ಚಪ್ಪಲಿ ಇದ್ದದ್ದು ಪುಣ್ಯ. ಮೇಲೆ ಬಂದು ಕೈ ಕೊಡವುತ್ತ, "ಹಿಡಕಿ ಹಿಡದ್ರ ಕೈಯೆಲ್ಲ ಜುಮ್ಮ ಅಂತೈತಲ್ಲ," ಅಂದರು.

"ಶುಗರ್‌ದ್ದಿರಬೇಕ್ರಿ ಅತ್ತಿ. ಡಾಕ್ಟ್ರು ಹೇಳಿದ್ರಲ್ಲ, ಕೈಕಾಲು ಜುಮ್ಮ ಅಂತಾವ ಅಂತ," ಅಂದೆ.

ಎಂಥ ಬಾಯಿ ಇದು! ಅಷ್ಟು ಸಲೀಸಾಗಿ ಬಂತು ಆ ಮಾತು. ಅತ್ತೆ ನಂಬಿ, ಅಂಗೈ ಉಜ್ಜಿಕೊಳ್ಳುತ್ತ ಮತ್ತೆ ಟೀವಿಯ ಮುಂದೆ ಕೂತರು. ನಾನು ಒಲೆಯ ಮೇಲೆ ರೊಟ್ಟಿ ಸೀಯುತ್ತಿದ್ದರೂ ನೋಡದೆ ನಿಂತಿದ್ದೆ. ನಾಳೆಯಿಂದ ಬೇಡ, ಗೆರೆ ಬಂದರೆ ಬೈಸಿಕೊಂಡರಾಯಿತು ಅಂದುಕೊಂಡೆ. ಮರುದಿನ ಆರಕ್ಕೆ ಅತ್ತೆ, "ಬಾರವ್ವ, ನಿನ್ನ ಕೈಗುಣ ತೋರಸು" ಅಂತ ನಕ್ಕರು. ಇಳಿದು ಬಿಚ್ಚಿಬಂದೆ.

ಹಿರೇಕೆರೂರಿನಲ್ಲಿ ನಾವು ಎರಡು ದಿನ ನಿಲ್ಲುತ್ತೇವೆ. ಮೊದಲ ದಿನ ಸಂಜೆ ಬಿಚ್ಚಿದ್ದೆ. ಏಳು ಗಂಟೆಗೆ ಮದುವೆ ಮನೆಯವರು ಮೂರು ದೊಡ್ಡ ಮಿಕ್ಸರ್ ತಂದು ಇಳಿಸಿದರು. ಮರುದಿನ ಅಡುಗೆ, ಬೆಳಿಗ್ಗೆ ಬೇಕೇ ಬೇಕು ಅಂದರು. ನಾನು, ನಮ್ಮ ಮನೆಯವರು ಇಬ್ಬರೂ ಕೂತೆವು. ಒಂದರ ಕಾರ್ಬನ್, ಒಂದರ ಬುಷ್, ಇನ್ನೊಂದರ ವೈಂಡಿಂಗು. ಎಂಟಾಯಿತು, ಅತ್ತೆಯ ಟೀವಿ ಬಂದ್ ಆಯಿತು, ಸೂಜಿ ಮಾಡಿದೆ, ಊಟಕ್ಕೆ ಬಡಿಸಿದೆ. ಹಸಿರು ವೈರು ನೆನಪಿಗೇ ಬರಲಿಲ್ಲ. ಎಷ್ಟೋ ಸಲ ಆ ಸಂಜೆಯನ್ನು ಮನಸ್ಸಿನಲ್ಲಿ ಹಿಂದೆ ತಿರುಗಿಸಿ ನೋಡಿದ್ದೇನೆ. ಒಮ್ಮೆ ಕೆಳಗಿಳಿದಿದ್ದರೆ ಸಾಕಿತ್ತು.

ಬೆಳಿಗ್ಗೆ ನಮ್ಮ ಮನೆಯವರು ಮಿಕ್ಸರ್ ತಲುಪಿಸಲು ಹೋದರು. ನಾನು ಕೊಡ ತಗೊಂಡು ನಳಕ್ಕೆ ಹೋದೆ. ರಾತ್ರಿ ಮಳೆ ಹನಿದು ನೆಲವೆಲ್ಲ ಕೆಸರು. ಕೊಡ ತುಂಬಿ ಸೊಂಟಕ್ಕಿಟ್ಟುಕೊಂಡು ಬರುತ್ತ ಚಾದಂಗಡಿಯ ಮೂಲೆ ದಾಟಿದೆ. ಗಾಡಿ ಕಂಡಿತು, ಗೂಟ ಕಂಡಿತು. ಗೂಟದ ಪಕ್ಕದ ಕೆಸರಿನಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಹಸಿರು ವೈರಿನ ತುದಿ. ಅದನ್ನು ಅಲ್ಲಿ ಎತ್ತಿಟ್ಟವಳು ನಾನೇ. ಗೂಟದಿಂದ ಎರಡು ಮಾರು ಆಚೆ ಅತ್ತೆ ಕಾಲು ತೊಳೆದುಕೊಳ್ಳುತ್ತಿದ್ದರು. ಬರಿಗಾಲು.

ಕೂಗಬೇಕು ಅಂದುಕೊಂಡೆ. ಕೂಗಿ ಏನಾಗುತ್ತಿತ್ತು? ನಾನು ಕೂಗಿದರೆ ಅತ್ತೆ ತಿರುಗಿ ನೋಡುವ ಮೊದಲು ಕೈ ಹಾಕುವುದು ಆ ಹಿಡಿಕೆಗೇ. ಗಾಡಿಯವರೆಗೆ ನಲವತ್ತು ಹೆಜ್ಜೆ. ಕರೆಂಟಿನ ಪ್ಲಗ್ಗು ಚಾದಂಗಡಿಯೊಳಗೆ, ನನ್ನ ಬಲಕ್ಕೆ ಹತ್ತು ಹೆಜ್ಜೆ. ಅತ್ತೆ ಒದ್ದೆ ಅರಿವೆ ಹಿಂಡಿ ಬಗ್ಗಿದರು. ಕೊಡ ಬಿಟ್ಟೆ. ಚಾ ಕುಡಿಯುತ್ತ ಕೂತವರ ನಡುವೆ ನುಗ್ಗಿದೆ, ಬೆಂಚು ಉರುಳಿತು, ಯಾರದೋ ಚಾ ನನ್ನ ತೋಳಿನ ಮೇಲೆ ಚೆಲ್ಲಿತು. ಚಾದಂಗಡಿಯ ಕಾಕಾ "ಏ ಏ ಏನಾತವ್ವಾ" ಅಂತ ಎದ್ದು ನಿಂತರು. ಪ್ಲಗ್ಗಿಗೆ ಎರಡೂ ಕೈ ಹಾಕಿ ಕಿತ್ತೆ.

ತಿರುಗಿ ಗಾಡಿಯ ಕಡೆ ಓಡಿದೆ. ಅತ್ತೆ ಮೆಟ್ಟಿಲ ಮುಂದೆ ಅಂಗಾತ ಬಿದ್ದಿದ್ದರು. ಕುಂಕುಮದ ಬಟ್ಟಲು ಕವುಚಿ, ನೀರಿನಲ್ಲಿ ಕೆಂಪು ಹರಿದಿತ್ತು. ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ನಾನು ಕೊಂದೆ, ನಾನು ಕೊಂದೆ ಅಂತ ಒಂದೇ ಮಾತು ತಲೆಯಲ್ಲಿ. ಅರಿವೆ ಅವರ ಮುಷ್ಟಿಯಲ್ಲೇ ಇತ್ತು. ಕಾಕಾ ಬಂದು ಮುಖಕ್ಕೆ ನೀರು ಚಿಮುಕಿಸಿದರು. ಒಂದು ಗಳಿಗೆ, ಇನ್ನೊಂದು ಗಳಿಗೆ. ಅತ್ತೆ ಕೆಮ್ಮಿದರು.

"ಶುಗರ್ ಇಳೀತು ಕಾಣ್ತೈತಿ," ಅಂದರು ನಿಧಾನಕ್ಕೆ. "ಕೈ ಹಿಡದ್ದು ಬಿಡವಲ್ದು ನೋಡು."

ದವಾಖಾನೆಯಲ್ಲಿ ಡಾಕ್ಟರಮ್ಮ ಅತ್ತೆಯ ಬೆರಳಿನ ಮೇಲಿನ ಸುಟ್ಟ ಕಲೆ ನೋಡಿದರು. "ಶುಗರ್ ಅಲ್ಲ ಇದು. ಕರೆಂಟ್ ಹೊಡದೈತಿ. ಇನ್ನೊಂದೀಟು ಹೊತ್ತು ಹಿಡದಿದ್ರ ಎದಿ ನಿಂತಿರ್ತಿತ್ತು," ಅಂದರು. ಇಳಿಯುವಾಗ ಫ್ರಿಜ್ಜು ಸುಮ್ಮನಿದ್ದು, ಒರೆಸುವ ಹೊತ್ತಿಗೆ ಶುರುವಾಗಿರಬೇಕು ಅಂತ ನಾನು ಲೆಕ್ಕ ಹಾಕುತ್ತ ನಿಂತೆ. ಅಷ್ಟರಲ್ಲಿ ನಮ್ಮ ಮನೆಯವರು ಓಡಿ ಬಂದರು. ಬರುವ ಮೊದಲು ಗಾಡಿಯ ಹತ್ತಿರ ಹೋಗಿ ನೋಡಿದ್ದರು. ತಾಯಿಯ ಕಾಲು ಹಿಡಿದುಕೊಂಡು, "ಯವ್ವಾ, ನಾನ ಗೂಟಕ್ಕ ವೈರ್ ಕಟ್ಟಿಲ್ಲ. ಹೆಂಗ ಮರತೆ ನಾನು? ನನ್ನ ಕೈಲೆ ನಿನ್ನ ಕೊಲ್ತಿದ್ನಲ್ಲ," ಅಂತ ದೊಡ್ಡ ಗಂಡಸು ಗೊಳೋ ಅಂತ ಅತ್ತರು.

ಆಗಲೂ ನನ್ನ ಬಾಯಿ ತೆರೆಯಲಿಲ್ಲ. ಹೇಳಿದರೆ ತವರಿಗೆ ಕಳಿಸುತ್ತಾರೆ ಅನ್ನುವ ಹೆದರಿಕೆ, ಅತ್ತೆ ಮತ್ತೆ ನನ್ನ ಕೈಲಿ ಸೂಜಿ ಮಾಡಿಸಿಕೊಳ್ಳುವುದಿಲ್ಲ ಅನ್ನುವ ಹೆದರಿಕೆ. ಎಲ್ಲಕ್ಕಿಂತ ಹೆಚ್ಚು, ಗೊತ್ತಿದ್ದೂ ಮಾಡಿದೆ ಅಂತ ನನ್ನ ಬಾಯಿಂದ ನಾನೇ ಕೇಳಬೇಕಲ್ಲ ಅನ್ನುವ ಹೆದರಿಕೆ. ಅತ್ತೆಯನ್ನು ಎರಡು ದಿನ ಇಟ್ಟುಕೊಂಡು ಮನೆಗೆ ಬಿಟ್ಟರು. ಆ ಎರಡು ದಿನ ನಮ್ಮ ಮನೆಯವರು ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಫ್ರಿಜ್ಜು ಎತ್ತಿ ಹೊರಗೆ ಹಾಕಿ, ಔಷಧಿಯನ್ನು ಚಾದಂಗಡಿಯ ಫ್ರಿಜ್ಜಿನಲ್ಲಿಟ್ಟು, ಸುಮ್ಮನೆ ಕೂತರು. ಮೂರನೆಯ ದಿನ ಬಂದ ಗಿರಾಕಿಗೆ, "ಬ್ಯಾರೆ ಕಡೆ ತೋರಸ್ರಿ. ನನ್ನ ಕೈ ಮ್ಯಾಲೆ ನನಗ ನಂಬಿಕಿ ಉಳದಿಲ್ಲ," ಅಂದರು.

ಅದನ್ನು ಕೇಳಿ ತಡೆಯಲು ಆಗಲಿಲ್ಲ. "ನೀವು ಕಟ್ಟಿದ್ರಿ. ಬಿಚ್ಚಿದಾಕಿ ನಾನು," ಅಂದೆ.

ಅವರು ತಲೆ ಎತ್ತಲಿಲ್ಲ. "ಎಷ್ಟ ದಿನದಿಂದ?" ಅಂದರು.

"ಇಪ್ಪತ್ತು ದಿನ ಆತ್ರಿ. ದಿನಾ ಎರಡ ತಾಸು. ಗೆರಿ ಹೋಗ್ತಿದ್ವು."

ಅವರು ಎದ್ದು ಹೊರಗೆ ಹೋದರು. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಿಂದೆ ಮಂಚದ ಮೇಲೆ ಅತ್ತೆ ಮಲಗಿದ್ದರು. ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದೆ. "ಏ," ಅಂತ ಮಗನನ್ನು ಕೂಗಿದರು, "ಆಕಿಗಿ ಏನರ ಅಂದೀಯ ಮತ್ತ! ಗೆರಿ ತಗಿ, ಗೆರಿ ತಗಿ ಅಂತ ಜೀವಾ ತಿಂದಾಕಿ ನಾನು." ನನ್ನ ಕಡೆ ತಿರುಗಲೇ ಇಲ್ಲ. ಆಮೇಲೆ ಗೋಡೆಗೆ ಹೇಳಿದಹಾಗೆ, "ಕೈ ಜುಮ್ಮ ಅಂತೈತಿ ಅಂದಾಗರ ಹೇಳಬೇಕಾಗಿತ್ತು ನೀ," ಅಂದರು. ಆ ಮಾತು ಮಾತ್ರ ನನಗೆ ಇವತ್ತಿಗೂ ಮುಳ್ಳು.

ನಮ್ಮ ಮನೆಯವರು ವಾರದೊಳಗೆ ಬೇರೆ ಫ್ರಿಜ್ಜು ತಂದರು. ಕರೆಂಟು ಒಂದು ಚೂರು ಸೋರಿದರೂ ತಾನೇ ಬಂದ್ ಆಗುವ ಸ್ವಿಚ್ಚು ಹಾಕಿದರು. ಗೂಟ ಎರಡು ಮಾಡಿದರು. ಗೂಟಕ್ಕೆ ವೈರು ಕಟ್ಟಿ, ಅದರ ಮೇಲೆ ಡಬ್ಬಿ ಮುಚ್ಚಿ, ಕೀಲಿ ಹಾಕಿದರು. ಕೀಲಿಕೈ ಅವರ ಹತ್ತಿರವೇ ಇದೆ. ನಾನು ಕೇಳಿಲ್ಲ, ಕೊಡಿ ಅನ್ನುವ ಮುಖವೂ ನನಗಿಲ್ಲ. ಹೊಸ ಫ್ರಿಜ್ಜು ಬಂದ ಮೇಲೆ ಟೀವಿಯಲ್ಲಿ ಗೆರೆಯೇ ಇಲ್ಲ. ಕನ್ನಡಿಯಂಥ ಚಿತ್ರ. ಅತ್ತೆ ನೋಡುತ್ತಾರೆ, ನಾನು ಬಾಗಿಲಿಗೆ ಹೋಗಿ ಗೂಟ ನೋಡುತ್ತೇನೆ.

ಅತ್ತೆ ಹೊಸ್ತಿಲು ಪೂಜೆ ಬಿಡಲಿಲ್ಲ. ಎಷ್ಟು ಹೇಳಿದರೂ ಚಪ್ಪಲಿ ಹಾಕಿಕೊಳ್ಳಲಿಲ್ಲ, ಚಪ್ಪಲಿ ಮೆಟ್ಟಿ ಪೂಜೆ ಮಾಡುತ್ತಾರೇನೆ ಅಂತ ಬೈದರು. ಹಾಗಾಗಿ ನಾನು ಅವರಿಗಿಂತ ಮೊದಲು ಏಳತೊಡಗಿದೆ. ಬರಿಗಾಲಿನಲ್ಲಿ ಇಳಿದು, ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಆ ಮೆಟ್ಟಿಲನ್ನು ಒಮ್ಮೆ ಮುಟ್ಟುತ್ತಿದ್ದೆ. ಒಂದು ಸಲವೂ ಏನೂ ಆಗಲಿಲ್ಲ. ಆದರೂ ಮರುದಿನ ಮತ್ತೆ ಮುಟ್ಟುತ್ತಿದ್ದೆ.

ಕಳೆದ ತಿಂಗಳು ಹಾನಗಲ್ಲಿನಲ್ಲಿ ಮುಟ್ಟಲು ಬಗ್ಗಿದಾಗ ಹಿಂದಿನಿಂದ ನನ್ನ ಕೈ ಹಿಡಿದರು. ಅತ್ತೆ ಯಾವಾಗ ಇಳಿದಿದ್ದರೋ ಗೊತ್ತಾಗಲಿಲ್ಲ. ಸುಟ್ಟ ಕಲೆಯ ಬೆರಳು ನನ್ನ ಮಣಿಕಟ್ಟಿನ ಮೇಲೆ.

"ದಿನಾ ನೋಡಾಕತ್ತೇನಿ," ಅಂದರು. "ಏನ ಮಾಡಾಕತ್ತಿ ನೀ?"

"ಕಸ ಇತ್ರಿ ಅತ್ತಿ, ಒರಸಾಕತ್ತಿದ್ದೆ."

"ನನ್ನ ಮುಂದ ಸುಳ್ಳು ಹೇಳಬ್ಯಾಡ, ಒಮ್ಮೆ ಹೇಳಿದ್ದು ಸಾಕು. ನೀ ಸತ್ರ ನನಗ ಸೂಜಿ ಯಾರು ಮಾಡ್ತಾರ?"

ನನ್ನನ್ನು ಪಕ್ಕಕ್ಕೆ ಸರಿಸಿ, ಒದ್ದೆ ಅರಿವೆ ಹಿಂಡಿ, ತಾವೇ ಬಗ್ಗಿ ಮೆಟ್ಟಿಲ ಮೇಲೆ ಕೈಯಿಟ್ಟರು. ನಾನು ಅವರ ಸೆರಗು ಗಟ್ಟಿಯಾಗಿ ಹಿಡಿದುಕೊಂಡು, ಅವರು ಒರೆಸಿ ಮುಗಿಸುವವರೆಗೂ ನಿಂತಿದ್ದೆ.